ಕಾಶಿಯಲ್ಲಿ ಬಿಟ್ಟದ್ದು

ಯಾದವಗಿರಿ, ಮೈಸೂರು
4 ಆಗಸ್ಟ್ 2025

ಮಾಲವಿಕಾ,

'ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ' ಎಂದು ಶುರುಮಾಡಲು ಕೈ ಬರಲಿಲ್ಲ. ಹನ್ನೊಂದು ವರ್ಷದ ಮೇಲೆ ಬರೆಯುವ ಪತ್ರಕ್ಕೆ ಆ ಸಾಲು ಹೊಂದುವುದಿಲ್ಲ. ಇಲ್ಲಿನ ವಿಶ್ವವಿದ್ಯಾನಿಲಯದ ಗಂಗೋತ್ರಿಯಲ್ಲಿ ಎಂ.ಎ. ಓದುವಾಗ ನೀನು ನನ್ನ ಗೆಳತಿಯಾಗಿದ್ದೆ. ಆಮೇಲೆ ಅಭಿರಾಮಣ್ಣನನ್ನು ಮದುವೆಯಾಗಿ ಅತ್ತಿಗೆಯಾದೆ. ಆಮೇಲೆ ಕೋರ್ಟಿನ ಒಂದು ಸಹಿಯಿಂದ ಯಾರೂ ಅಲ್ಲದವಳಾದೆ. ಈಗ ಯಾವ ಸಲುಗೆಯಿಂದ ಕರೆಯಬೇಕೆಂದು ತಿಳಿಯದೆ ಬರಿಯ ಹೆಸರು ಬರೆದಿದ್ದೇನೆ.

ಅಮ್ಮನಿಗೆ ಹುಷಾರಿಲ್ಲ. ಎರಡು ತಿಂಗಳಿಂದ ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ಇಳಿಯುತ್ತದೆ. ತೂಕ ಇಳಿದಿದೆ. ಅಭಿರಾಮಣ್ಣ ಜಯಲಕ್ಷ್ಮಿಪುರಂನಿಂದ ಬಂದು ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದ. ಎಲ್ಲ ಸಾಲುಗಳೂ ಸರಿಯಾಗಿವೆ, ಒಂದರ ಹೊರತು. ಸಿ.ಆರ್.ಪಿ. ಎಂಬುದರ ಮುಂದೆ ತೊಂಬತ್ತನಾಲ್ಕು ಎಂದಿದೆ. ಆರಕ್ಕಿಂತ ಕಡಿಮೆ ಇರಬೇಕೆಂದು ಪಕ್ಕದಲ್ಲೇ ಅಚ್ಚಾಗಿದೆ. ಡಾಕ್ಟರು ಎಲ್ಲೋ ಸೋಂಕಿದೆ ಎಂದು ಆಂಟಿಬಯಾಟಿಕ್ ಕೊಟ್ಟರು. ಮುಗಿಯಿತು. ಮತ್ತೆ ನೋಡಿದರೆ ತೊಂಬತ್ತೊಂದು. ಇನ್ನೊಂದು ಆಂಟಿಬಯಾಟಿಕ್ ಕೊಟ್ಟಿದ್ದಾರೆ. 'ಇನ್ಫೆಕ್ಷನ್ನು ಕಣೇ, ಟೈಮ್ ತೊಗೊಳತ್ತೆ' ಅನ್ನುತ್ತಾನೆ ಅಣ್ಣ.

ಆ ಮೂರಕ್ಷರವನ್ನು ನಾನು ಮೊದಲು ಕೇಳಿದ್ದು ನಿನ್ನ ಬಾಯಲ್ಲಿ. ನಮ್ಮ ಮನೆಯಲ್ಲಿದ್ದಾಗ ನಿನಗೂ ಅದು ಏರಿತ್ತಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಅದು ಏನನ್ನು ಹೇಳುತ್ತದೆ, ತಿಳಿಸು. ಹಾಸನದ ನಿನ್ನ ವಿಳಾಸವನ್ನು ನಮ್ಮ ತರಗತಿಯ ತನುಶ್ರೀ ಕೊಟ್ಟಳು.

ಉತ್ತರವನ್ನು ನಾನು ಪಾಠ ಮಾಡುವ ಕಾಲೇಜಿಗೆ ಬರೆ, ವಿಳಾಸ ಲಕೋಟೆಯ ಹಿಂದಿದೆ. ನನ್ನ ಮೊಬೈಲ್ ನಂಬರು ಬರೆಯುತ್ತಿಲ್ಲ, ತಪ್ಪು ತಿಳಿಯಬೇಡ. ನೀನು ಕರೆದರೆ ಅಮ್ಮನ ಎದುರು ಎತ್ತಬೇಕಾಗಿ ಬರಬಹುದು.

ರಂಜನಿ


ಹಾಸನ
13 ಆಗಸ್ಟ್ 2025

ರಂಜನಿ,

ನಾನು ಡಾಕ್ಟರಲ್ಲ. ನನ್ನ ಮೈಗೆ ಅರ್ಥವಾದಷ್ಟನ್ನು ಬರೆಯುತ್ತೇನೆ.

ಸಿ.ಆರ್.ಪಿ. ಅನ್ನುವುದು ಪಿತ್ತಜನಕಾಂಗ ತಯಾರಿಸುವ ಒಂದು ಪ್ರೋಟೀನು. ಮೈಯಲ್ಲಿ ಎಲ್ಲಾದರೂ ಉರಿಯೂತವಿದ್ದರೆ ಅದು ರಕ್ತದಲ್ಲಿ ಏರುತ್ತದೆ. ಹೊರಗಿನ ರೋಗಾಣು ಹೊಕ್ಕಿದ್ದರೂ ಏರುತ್ತದೆ, ಮೈ ತನ್ನ ಮೇಲೆ ತಾನೇ ತಿರುಗಿಬಿದ್ದಿದ್ದರೂ ಏರುತ್ತದೆ. ನಿಮ್ಮ ಮನೆಯ ಹಿಂಬದಿಯ ಬಂಗಲೆಯ ನಾಯಿ ನೆನಪಿದೆಯಾ? ಕಳ್ಳ ಬಂದರೂ ಅದೇ ಬೊಗಳು, ಪೋಸ್ಟಿನವನು ಬಂದರೂ ಅದೇ ಬೊಗಳು, ಮನೆಯ ಯಜಮಾನನೇ ಕತ್ತಲಲ್ಲಿ ಬಂದರೂ ಅದೇ. ಯಾರೋ ಇದ್ದಾರೆ ಅನ್ನುತ್ತಿತ್ತು, ಯಾರು ಅನ್ನುತ್ತಿರಲಿಲ್ಲ. ಸಿ.ಆರ್.ಪಿ. ಅಷ್ಟೇ. ಅದು ಬೊಗಳಿದ ಮೇಲೆ ಯಾರಾದರೂ ಎದ್ದು ಗೇಟಿನ ತನಕ ಹೋಗಿ ನೋಡಬೇಕು.

ಎರಡು ಸಲ ಔಷಧಿ ಕೊಟ್ಟೂ ಇಳಿದಿಲ್ಲವೆಂದರೆ ಸೋಂಕಲ್ಲದೆ ಇರಬಹುದು. ಕೀಲುವಾತದ ಡಾಕ್ಟರಿಗೆ ತೋರಿಸಿ. ಮೈಸೂರಿನಲ್ಲಿ ಇದ್ದಾರೆ. ನಾನು ನಿಮ್ಮ ಮನೆಯಿಂದ ಒಬ್ಬಳೇ ಆಟೋದಲ್ಲಿ ಹೋಗಿಬರುತ್ತಿದ್ದೆ.

ನನಗೆ ಆಗ ಅರವತ್ತೊಂದು ಇತ್ತು. ಆ ರಿಪೋರ್ಟು ಊಟದ ಮೇಜಿನ ಮೇಲೆ ವಾರಗಟ್ಟಲೆ ಬಿದ್ದಿತ್ತು, ಅದರ ಮೇಲೆ ಉಪ್ಪಿನಕಾಯಿ ಜಾಡಿ ಕೂತಿತ್ತು. ಬೆಳಗ್ಗೆ ಬೆರಳು ಮಡಚಲಾಗದೆ ನಿಂತವಳನ್ನು ನೋಡಿ ನಿನ್ನ ಅಮ್ಮ ಬಂದವರಿಗೆಲ್ಲ, 'ಎಂ.ಎ. ಓದಿದ ಕೈ ಕಣ್ರೀ, ಹಿಟ್ಟು ನಾದಿದ್ರೆ ಸವೆದೋಗತ್ತೆ' ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನೀನೂ ಅಲ್ಲೇ ಇರುತ್ತಿದ್ದೆ.

ಇರಲಿ. ಒಂದು ಮಾತು ಕೇಳುತ್ತೇನೆ, ಯೋಚಿಸಿ ಉತ್ತರ ಬರೆ. ಎಲ್ಲಿ ನೋವು ಎಂದು ಅವರನ್ನು ಕೇಳಬೇಡ, ಹೇಳುವುದಿಲ್ಲ. ಈಚೆಗೆ ಏನೇನು ಮಾಡುವುದನ್ನು ನಿಲ್ಲಿಸಿದ್ದಾರೆ, ನೋಡು. ನೋವನ್ನು ಹೇಳದವರು ಕೆಲಸ ನಿಲ್ಲಿಸುತ್ತಾರೆ.

ಮಾಲವಿಕಾ


ಮೈಸೂರು
19 ಆಗಸ್ಟ್ 2025

ಮಾಲವಿಕಾ,

ನಿನ್ನ ಪತ್ರ ತಲುಪಿತು. ಲಕೋಟೆಯ ಮೇಲಿನ ಬರವಣಿಗೆ ನಿನ್ನದೆಂದು ಗುರುತೇ ಸಿಗಲಿಲ್ಲ. ಗಂಗೋತ್ರಿಯಲ್ಲಿ ನಿನ್ನ ನೋಟ್ಸಿಗೆ ಹುಡುಗಿಯರು ಸರದಿ ನಿಲ್ಲುತ್ತಿದ್ದರಲ್ಲ, ಅಕ್ಷರ ಅಷ್ಟು ದುಂಡಗಿತ್ತು. ಈಗ ಎಲ್ಲ ಮುರಿದು ಮೂಲೆಗೊಂದಾಗಿ ನಿಂತಿವೆ. ಮನುಷ್ಯರು ದೂರವಾದಂತೆ ಅವರ ಅಕ್ಷರವೂ ದೂರವಾಗುತ್ತದೆಯೇನೋ ಎಂದು ಸ್ಟಾಫ್ ರೂಮಿನಲ್ಲಿ ಕೂತು ಬಹಳ ಹೊತ್ತು ಯೋಚಿಸಿದೆ.

ಕೀಲುವಾತದ ಡಾಕ್ಟರ ಮಾತು ಎತ್ತಿದೆ. ಅಮ್ಮ ತಟ್ಟೆಯಿಂದ ತಲೆಯೆತ್ತದೆ, 'ಅಲ್ಲಿಗೆ ಎಂಥೋರು ಹೋಗ್ತಾರೆ ನಂಗೊತ್ತು, ನಾ ಬರಲ್ಲ' ಅಂದಳು. ಗೌರಿಹಬ್ಬ ಮುಗಿಯಲಿ ಎಂದ ಅಣ್ಣ.

ಏನು ನಿಲ್ಲಿಸಿದ್ದಾಳೆ ಎಂದು ಕೇಳಿದ್ದೀಯ. ನಿನ್ನ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಮನೆಯಲ್ಲಿ ಓಡಾಡಿದೆ. ಹೂ ಮುಡಿಯುವುದನ್ನು ಬಿಟ್ಟಿದ್ದಾಳೆ. ದಿನವೂ ಮಲ್ಲಿಗೆ ಕೊಳ್ಳುತ್ತಾಳೆ, ಎಲ್ಲವನ್ನೂ ದೇವರಿಗೇ ಏರಿಸುತ್ತಾಳೆ. ತಲೆ ಬಾಚುವುದೂ ಅಪರೂಪ, ಬಾಚಣಿಗೆ ಚುಚ್ಚುತ್ತದಂತೆ. ಹಣೆಯ ಪಕ್ಕ ತಲೆನೋವೆಂದು ಅಮೃತಾಂಜನ ಹಚ್ಚುತ್ತಾಳೆ. ಮೇಲಿನ ಗೂಡಿನ ಡಬ್ಬಿಗೆ ಕೈ ಎತ್ತುವುದಿಲ್ಲ, ನನ್ನನ್ನು ಕರೆಯುತ್ತಾಳೆ. ಕೋಸಂಬರಿ, ಚಕ್ಕುಲಿ ಮುಟ್ಟುವುದಿಲ್ಲ. ಮೊಸರನ್ನವನ್ನು ಮಗುವಿಗೆ ಕಲೆಸುವಂತೆ ಕಲೆಸಿಕೊಳ್ಳುತ್ತಾಳೆ.

ಎಲ್ಲಕ್ಕಿಂತ ದೊಡ್ಡದು ಎಲೆ ಅಡಿಕೆ. ಊಟವಿಲ್ಲದಿದ್ದರೂ ನಡೆಯುತ್ತಿತ್ತು, ಎಲೆ ಇಲ್ಲದೆ ನಡೆಯುತ್ತಿರಲಿಲ್ಲ. ಕಳೆದ ಕಾರ್ತಿಕದಲ್ಲಿ ಭಜನೆ ಮಂಡಳಿಯವರ ಜೊತೆ ಕಾಶಿಗೆ ಹೋಗಿಬಂದಳು. ಯುಗಾದಿ ಕಳೆದ ಮೇಲೆ ಒಂದು ದಿನ ಬೆಳ್ಳಿಯ ಎಲೆತಟ್ಟೆಯನ್ನು ತೊಳೆದು ಒರೆಸಿ ಬೀರುವಿನಲ್ಲಿಟ್ಟಳು. ಯಾಕಮ್ಮಾ ಎಂದರೆ, 'ಕಾಶೀಲಿ ಬಿಟ್ಟಿದ್ದು ಕಣೇ' ಅಂದಳು. ಅಷ್ಟೇ. ಕಾಶಿಯಲ್ಲಿ ಪ್ರಿಯವಾದದ್ದೊಂದನ್ನು ಬಿಟ್ಟು ಬಂದವರನ್ನು ಮತ್ತೆ ಕೆದಕಬಾರದಲ್ಲ, ಆಸೆ ಹುಟ್ಟಿಸಿದ ಪಾಪ ಕೇಳಿದವರಿಗೆ. ನಾನು ಕೇಳಲಿಲ್ಲ.

ನಿಜ ಹೇಳುತ್ತೇನೆ, ನನಗೆ ಅವಳ ಮೇಲೆ ಗೌರವ ಹುಟ್ಟಿದೆ. ಹೂವು, ಎಲೆ, ರುಚಿ, ಒಂದೊಂದನ್ನೇ ಸದ್ದಿಲ್ಲದೆ ಕೆಳಗಿಡುತ್ತಿದ್ದಾಳೆ. ಇಷ್ಟು ವರ್ಷ ಪದ್ಯಗಳಲ್ಲಿ ಓದಿದ ವೈರಾಗ್ಯವನ್ನು ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ.

ಸಂಖ್ಯೆ ಏನಾದರೂ ಇಳಿದರೆ ತಿಳಿಸುವ
ರಂಜನಿ


ಹಾಸನ
23 ಆಗಸ್ಟ್ 2025, ಶನಿವಾರ
(ಸ್ಪೀಡ್ ಪೋಸ್ಟ್)

ರಂಜನಿ,

ಇದನ್ನು ಓದಿದ ಕೂಡಲೇ ಎದ್ದು ಮನೆಗೆ ಹೋಗು. ಅವರನ್ನು ಇವತ್ತೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗು.

ಕಾಶಿಯಲ್ಲಿ ಬಿಡುವುದೆಂದರೆ ಗಂಗೆಯಲ್ಲಿ ನಿಂತು ಅಲ್ಲೇ, ಆವತ್ತೇ ಬಿಡುವುದು. ಕಾರ್ತಿಕದಲ್ಲಿ ಬಿಟ್ಟದ್ದನ್ನು ಯಾರೂ ಮೈಸೂರಿಗೆ ತಂದು ಯುಗಾದಿಯ ತನಕ ತಿಂದು ಆಮೇಲೆ ತಟ್ಟೆ ತೊಳೆದಿಡುವುದಿಲ್ಲ. ಅವರು ಎಲೆ ಬಿಟ್ಟಿಲ್ಲ. ಅಗಿಯಲಾಗದೆ ನಿಲ್ಲಿಸಿದ್ದಾರೆ.

ನಮ್ಮ ಡಾಕ್ಟರ ಬಳಿ ಸರದಿಗೆ ಕೂರುವ ಹೆಂಗಸೊಬ್ಬರಿದ್ದರು, ಸುಂದರಮ್ಮ ಎಂದು. ಅವರಿಗೂ ಹೀಗೇ ಆಗಿತ್ತು. ಹಣೆಯ ಪಕ್ಕ ನೋವು, ಬಾಚಣಿಗೆ ತಾಗಿಸಲಾಗದು, ನಾಲ್ಕು ತುತ್ತು ಅಗಿದರೆ ದವಡೆ ಸೋಲುವುದು, ತೋಳು ಎತ್ತಲಾಗದು, ಸಿ.ಆರ್.ಪಿ. ಏರಿದ್ದು. ತಲೆಗೆ ಹೋಗುವ ರಕ್ತನಾಳಗಳ ಉರಿಯೂತ ಅದು. ಕಣ್ಣಿಗೆ ರಕ್ತ ಒಯ್ಯುವ ನಾಳ ಮುಚ್ಚಿದರೆ ಕಣ್ಣು ಹೋಗುತ್ತದೆ, ಹೋದದ್ದು ಬರುವುದಿಲ್ಲ. ಮೊದಲೇ ಸ್ಟಿರಾಯ್ಡ್ ಕೊಟ್ಟರೆ ಉಳಿಯುತ್ತದೆ. ನಾನು ಹೇಳಿದ್ದೇ ಸರಿಯೆಂದಲ್ಲ. ಆದರೆ ಇದನ್ನು ಕೇಳಿದ ಯಾವ ಡಾಕ್ಟರೂ ನಾಳೆ ಬನ್ನಿ ಅನ್ನುವುದಿಲ್ಲ.

ನಿನ್ನ ಪತ್ರ ಇವತ್ತು ಮಧ್ಯಾಹ್ನ ಬಂತು. ನಿನ್ನ ನಂಬರು ನನ್ನಲ್ಲಿಲ್ಲ, ಅಭಿರಾಮನದೂ ಇಲ್ಲ. ತನುಶ್ರೀಯ ಫೋನು ಸ್ವಿಚ್ ಆಫ್. ಕಾಲೇಜಿನಲ್ಲಿ ಯಾರೂ ಎತ್ತಲಿಲ್ಲ. ಉಳಿದದ್ದು ನಿಮ್ಮ ನಡುಮನೆಯ ಹಳೆಯ ಲ್ಯಾಂಡ್‌ಲೈನ್ ಫೋನು. ಆ ನಂಬರು ಇನ್ನೂ ಬಾಯಿಪಾಠವಿದೆ, ಮರೆಯಬೇಕೆಂದರೂ ಹೋಗಿಲ್ಲ. ಮಾಡಿದೆ. ಎತ್ತಿದ್ದು ಅವರೇ.

'ನಾನು ಮಾಲವಿಕಾ' ಅಂದೆ. 'ಯಾವ ಮಾಲವಿಕಾ?' ಅಂದರು.

ಅದನ್ನು ನುಂಗಿಕೊಂಡು ಕೇಳಿದೆ. 'ಅಗಿಯುವಾಗ ದವಡೆ ನೋಯತ್ತಾ ನಿಮಗೆ? ಕಣ್ಣು ಮಂಜಾಗತ್ತಾ? ಇದ್ರೆ ಇವತ್ತೇ ಡಾಕ್ಟರ ಹತ್ರ ಹೋಗಿ, ಕಣ್ಣು ಹೋಗಬಹುದು.'

'ನಮ್ಮನೇಲಿ ಎಲ್ಲಾರೂ ಚೆನ್ನಾಗಿದೀವಮ್ಮ' ಅಂದರು. 'ನೋವು ಅಂತ ಮಲಗೋರು ಈಗ ಯಾರೂ ಇಲ್ಲ ಇಲ್ಲಿ.' ಇಟ್ಟುಬಿಟ್ಟರು. ಮತ್ತೆ ಮಾಡಿದೆ, ಎತ್ತಲಿಲ್ಲ.

ಸೋಮವಾರ ಕಾಲೇಜಿಗೆ ಮತ್ತೆ ಫೋನ್ ಮಾಡುತ್ತೇನೆ. ಈ ಪತ್ರ ಅದಕ್ಕಿಂತ ಮುಂಚೆ ಸಿಗಲಿ.

ಮಾಲವಿಕಾ


ಮೈಸೂರು
7 ಸೆಪ್ಟೆಂಬರ್ 2025

ಮಾಲವಿಕಾ,

ನಿನ್ನ ಪತ್ರ ಸೋಮವಾರ ಕಾಲೇಜಿಗೆ ಬಂದಿತ್ತು. ನಾನು ಹಬ್ಬದ ತಯಾರಿಗೆಂದು ರಜೆ ಹಾಕಿದ್ದೆ. ನೀನು ಫೋನ್ ಕೂಡ ಮಾಡಿದೆಯಂತೆ. ಅಟೆಂಡರ್ ಸಿದ್ದಪ್ಪಾಜಿ ಹೇಳಿದ, 'ನಂಬರ್ ಕೇಳುದ್ರು ಮೇಡಂ, ಅರ್ಜೆಂಟ್ ಅಂದ್ರು. ಯಾರ್ಗೂ ಕೊಡ್ಬ್ಯಾಡ ಅಂತ ನೀವೇ ಅಂದಿದ್ರಲ್ಲ, ಕೊಡ್ನಿಲ್ಲ.' ಅವನು ವಿಧೇಯ. ನಾನು ಹಾಕಿಸಿದ ಬೀಗವನ್ನು ಅವನು ಕಾದಿದ್ದಾನೆ.

ಮಂಗಳವಾರ, ಗೌರಿಹಬ್ಬದ ಬೆಳಗ್ಗೆ, ನಾನು ಬಾಗಿನದ ಮೊರಗಳಿಗೆ ಅರಿಶಿನ ಹಚ್ಚುತ್ತಿದ್ದೆ. ಅಮ್ಮ ಹಾಸಿಗೆಯಿಂದಲೇ ಕೂಗಿದಳು, 'ಕರೆಂಟ್ ಹೋಯ್ತೇನೇ?' ಅವಳ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಎಡಗಣ್ಣನ್ನು ದಿಂಬಿಗೆ ಒತ್ತಿಕೊಂಡು ಮಲಗಿದ್ದಳು, ಬಲಗಣ್ಣು ತೆರೆದಿತ್ತು. ಅದರಲ್ಲಿ ಏನೂ ಇರಲಿಲ್ಲ.

ಅಣ್ಣನಿಗೆ ಫೋನ್ ಮಾಡಿದೆ. 'ಪೊರೆ ಇರಬೇಕು, ಈ ವಯಸ್ಸಿಗೆ ಬರೋದೇ. ಪೂಜೆ ಮುಗೀಲಿ' ಅಂದ. ಮುಗಿಯುವವರೆಗೆ ಕಾದೆವು. ಅಮ್ಮ ಎಡಗಣ್ಣಿನಿಂದಲೇ ದಾರ ಕಟ್ಟಿಸಿಕೊಂಡಳು, ಮುತ್ತೈದೆಯರಿಗೆ ಬಾಗಿನ ಕೊಡಿಸಿದಳು. ಕಾಫಿ ಬಗ್ಗಿಸುವಾಗ ಲೋಟದ ಪಕ್ಕದಲ್ಲಿ ನೆಲದ ಮೇಲೆ ಬಿತ್ತು. ಬಂದವರ ಮುಂದೆ 'ಕೈ ನಡುಗ್ತು' ಅಂದಳು. ಕೈ ನಡುಗಿರಲಿಲ್ಲ, ನಾನು ನೋಡುತ್ತಿದ್ದೆ.

ಸಂಜೆ ಕಣ್ಣಿನ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ದೀಪ ಹಿಡಿದು ನೋಡಿದರು. ಆಮೇಲೆ ಹಣೆಯ ಪಕ್ಕ ಬೆರಳಿಟ್ಟರು. ಅಮ್ಮ ಮುಖ ಎಳೆದುಕೊಂಡಳು. 'ಅಗಿಯುವಾಗ ದವಡೆ ನೋಯತ್ತಾ ಅಜ್ಜಿ?' ಎಂದು ಕೇಳಿದರು. ಅಮ್ಮ ನನ್ನನ್ನು ಒಮ್ಮೆ ನೋಡಿ ಹೌದೆಂದು ತಲೆಯಾಡಿಸಿದಳು. ರಾತ್ರಿಯೇ ಸ್ಟಿರಾಯ್ಡ್ ಹಾಕಿದರು. ಎಡಗಣ್ಣು ಉಳಿದಿದೆ. ಬಲಗಣ್ಣು ಬರುವುದಿಲ್ಲ.

ನಿನ್ನ ಪತ್ರವನ್ನು ಓದಿದ್ದು ಗುರುವಾರ. ನನ್ನ ಮೇಜಿನ ಮೇಲೆ ಹಾಜರಿ ಪುಸ್ತಕದಡಿ ಇತ್ತು. ಆಸ್ಪತ್ರೆಯಲ್ಲಿ ನಡೆದದ್ದನ್ನೆಲ್ಲ ನೀನು ಮೊದಲೇ ನೋಡಿ ಬರೆದಂತಿತ್ತು. ಒಂದೇ ವ್ಯತ್ಯಾಸ, ಅದರಲ್ಲಿ ಎರಡು ಕಣ್ಣೂ ಇದ್ದವು.

ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮನನ್ನು ಕೇಳಿದೆ. 'ಮಾಲವಿಕಾ ಫೋನ್ ಮಾಡಿದ್ಲಾ?'

'ಯಾರೋ ರಾಂಗ್ ನಂಬರು.'

'ಅಮ್ಮಾ.'

ಗೋಡೆಯ ಕಡೆ ತಿರುಗಿಕೊಂಡಳು. ನಿದ್ದೆ ಹೋದಳೆಂದುಕೊಂಡೆ. 'ಆ ಹುಡುಗಿ ಹತ್ರ ನಂಗೆ ದವಡೆ ನೋವು ಅಂತ ಹೇಳ್ಕೋಬೇಕಿತ್ತೇನೇ?' ಅಂದಳು. 'ಅವಳಿಗೆ ನಾನು ಏನೇನಂದಿದೀನಿ ಅಂತ ನಂಗೆ ಮರ್ತೋಗಿಲ್ಲ. ಎಲ್ಲಾ ಇದೆ ತಲೇಲಿ.'

'ನನಗಾದರೂ ಹೇಳಬಹುದಿತ್ತು.'

'ನೋವು ನೋವು ಅನ್ನೋದು ನಮ್ಮನೇಲಿ ಯಾರ ಮಾತಾಗಿತ್ತು? ಅದನ್ನ ನನ್ನ ಬಾಯಲ್ಲಿ ಹೇಳಿಸ್ತೀಯಾ?'

'ಹಾಗಾದ್ರೆ ಕಾಶೀಲಿ ಏನು ಬಿಟ್ಟೆ?'

'ಹಾಗಲಕಾಯಿ.'

ಅಮ್ಮ ಹಾಗಲಕಾಯಿ ತಿಂದದ್ದನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ.

ಯಾವುದನ್ನು ವೈರಾಗ್ಯವೆಂದು ನಾನು ನಿನಗೆ ಚೆಂದವಾಗಿ ಬರೆದೆನೋ, ಅದನ್ನು ಮತ್ತೆ ಓದಬೇಡ. ಹರಿದುಹಾಕು.

ರಂಜನಿ


ಮೈಸೂರು
6 ಅಕ್ಟೋಬರ್ 2025

ಮಾಲವಿಕಾ,

ಒಂದು ತಿಂಗಳಾಯಿತು, ನಿನ್ನ ಉತ್ತರವಿಲ್ಲ. ಸಿಟ್ಟಾಗಿದ್ದರೆ ನಿನಗೆ ಹಕ್ಕಿದೆ. ಆದರೂ ಬರೆಯುತ್ತಿದ್ದೇನೆ, ಈ ವಿಷಯವನ್ನು ಬರೆಯಲು ನನಗೆ ಬೇರೆ ಯಾರೂ ಇಲ್ಲ.

ಅಮ್ಮನ ಸಿ.ಆರ್.ಪಿ. ನಾಲ್ಕಕ್ಕೆ ಇಳಿದಿದೆ. ಅಣ್ಣ ಆ ರಿಪೋರ್ಟಿನ ಫೋಟೋವನ್ನು ಎಲ್ಲ ನೆಂಟರಿಗೂ ಕಳಿಸಿದ.

ದಸರೆಗೆ ಮನೆ ತುಂಬ ಜನ. ಬೊಂಬೆ ನೋಡಲು ಬಂದವರೆಲ್ಲ ಅಮ್ಮನ ಕಣ್ಣನ್ನೇ ನೋಡಿದರು. ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತು ಪ್ರತಿಯೊಬ್ಬರಿಗೂ ಅದೇ ಕಥೆ ಹೇಳಿದಳು. 'ನಮ್ಮ ಅಭಿರಾಮ ಸರಿಯಾದ ಹೊತ್ತಿಗೆ ಕರ್ಕೊಂಡೋದ, ಇಲ್ದಿದ್ರೆ ಎರಡೂ ಹೋಗಿರೋವು ಕಣ್ರೀ.' ಅಣ್ಣ ಪಕ್ಕದಲ್ಲಿ ನಿಂತು ವಿನಯದಿಂದ ನೆಲ ನೋಡಿದ. ಚಾಮರಾಜಪುರಂನ ಚಿಕ್ಕಮ್ಮ, 'ಮಗ ಅಂದ್ರೆ ಹೀಗಿರಬೇಕು' ಅಂದರು. ನಾನು ಕಡಲೆ ಉಸಲಿ ಹಂಚುತ್ತಿದ್ದೆ. ನಿನ್ನ ಹೆಸರು ನಾಲಿಗೆಯ ತುದಿಯ ತನಕ ಬಂತು. ಅಷ್ಟರಲ್ಲಿ ಯಾರೋ ಇನ್ನೊಂದು ದೊನ್ನೆ ಕೇಳಿದರು.

ಎಲ್ಲರೂ ಹೋದ ಮೇಲೆ ಅಮ್ಮ ಎಲೆತಟ್ಟೆ ತರಿಸಿಕೊಂಡಳು. ಈಗ ಅಗಿಯಲು ನೋವಿಲ್ಲ. ಸುಣ್ಣ ಹಚ್ಚುವಾಗ ಬೆರಳು ಎಲೆಯನ್ನು ತಪ್ಪಿ ಸೆರಗಿಗೆ ತಾಗಿತು. ಎರಡನೆಯ ಸಲ ಸರಿಯಾಗಿ ಹಚ್ಚಿದಳು.

ಒಂದು ವಿಷಯ ಕೇಳಬೇಕಿತ್ತು. ಸ್ಟಿರಾಯ್ಡಿನಿಂದ ಅಮ್ಮನ ಮುಖ ಊದಿದೆ, ರಾತ್ರಿ ನಿದ್ದೆಯಿಲ್ಲ, ಸಕ್ಕರೆ ಏರಿದೆ. ಸಂಖ್ಯೆ ಹೇಗೂ ನಾಲ್ಕಕ್ಕೆ ಬಂತಲ್ಲ, ಮಾತ್ರೆ ನಿಲ್ಲಿಸಬಹುದೇ ಎಂದು ಅಣ್ಣ ಕೇಳುತ್ತಾನೆ. ನೀನು ಅವನ್ನೆಲ್ಲ ನುಂಗಿದವಳು, ನಿನಗೆ ಗೊತ್ತಿರುತ್ತದೆ. ಬೇಗ ಬರೆಯುತ್ತೀಯಾ? ನನ್ನ ನಂಬರನ್ನು ಕೆಳಗೆ ಬರೆದಿದ್ದೇನೆ. ಹಗಲಿನಲ್ಲಿ ಯಾವಾಗ ಬೇಕಾದರೂ ಮಾಡು, ಕಾಲೇಜಿನಲ್ಲೇ ಇರುತ್ತೇನೆ.

ನಿನ್ನ ಹಳೆಯ
ರಂಜನಿ


ಹಾಸನ
27 ಅಕ್ಟೋಬರ್ 2025

ರಂಜನಿ,

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಮಾತ್ರೆಯನ್ನು ತಾವಾಗಿ ನಿಲ್ಲಿಸಕೂಡದು. ಸಂಖ್ಯೆ ಇಳಿದಿರುವುದು ಮಾತ್ರೆಯಿಂದ. ಒಮ್ಮೆಲೇ ಬಿಟ್ಟರೆ ಉರಿಯೂತ ಮರಳುತ್ತದೆ, ಉಳಿದಿರುವ ಕಣ್ಣಿಗೇ ಅಪಾಯ. ಮೈಯೂ ಅದನ್ನು ತಡೆಯದು. ಡಾಕ್ಟರು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಸಕ್ಕರೆಗೆ ಬೇರೆ ಔಷಧಿ ಕೊಡುತ್ತಾರೆ. ಮೂಳೆಗೆ ಏನು ಕೊಡುತ್ತೀರಿ ಎಂದು ಕೇಳು, ಅವರಾಗಿ ಹೇಳದಿದ್ದರೆ. ಮಾತ್ರೆಯನ್ನು ಬೆಳಗ್ಗೆ ತಿಂಡಿಯ ಮೇಲೆ ಕೊಟ್ಟರೆ ನಿದ್ದೆಗೆ ಅಷ್ಟು ತೊಂದರೆಯಾಗುವುದಿಲ್ಲ. ಇದನ್ನು ಅಭಿರಾಮನಿಗೆ ಡಾಕ್ಟರು ಹೇಳಿದರೆಂದು ಹೇಳು, ಕೇಳುತ್ತಾನೆ.

ನಿನ್ನ ನಂಬರಿಗೆ ಫೋನ್ ಮಾಡುವುದಿಲ್ಲ. ಈಗಲೂ ಅದು ಹಗಲಿನ ನಂಬರು, ಕಾಲೇಜಿನ ಗೇಟಿನೊಳಗಿನ ನಂಬರು.

ಉತ್ತರ ತಡವಾದದ್ದು ಸಿಟ್ಟಿನಿಂದಲ್ಲ. ನನ್ನ ಅಕ್ಷರ ದೂರವಾಗಿದೆ ಎಂದು ಬರೆದಿದ್ದೆಯಲ್ಲ, ಅದು ದೂರವಾದದ್ದಲ್ಲ ರಂಜನಿ. ಬಲಗೈಯ ಬೆರಳುಗಳು ಹೊರಳಿವೆ. ನಾಲ್ಕು ಸಾಲು ಬರೆದರೆ ಪೆನ್ನು ಇಟ್ಟು ಕೈಯನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಕೂರಬೇಕು. ಆಮೇಲೆ ಮತ್ತೆ ನಾಲ್ಕು ಸಾಲು. ಆ ಸ್ಪೀಡ್ ಪೋಸ್ಟನ್ನು ಮಾತ್ರ ಒಂದೇ ಸಲಕ್ಕೆ ಬರೆದೆ. ಅದಾದ ಮೇಲೆ ಸೆಪ್ಟೆಂಬರ್ ಕಳೆಯುವವರೆಗೆ ಸೀಮೆಸುಣ್ಣ ಹಿಡಿಯಲಾಗಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪಾಠವನ್ನು ಬಾಯಲ್ಲೇ ಹೇಳಿದೆ.

ನಿನ್ನ ಅಮ್ಮ ನನ್ನ ಹೆಸರು ಹೇಳದ್ದಕ್ಕೆ ನನಗೆ ಬೇಸರವಿಲ್ಲ. ಅವರು ಅಂದದ್ದೆಲ್ಲ ಅವರ ತಲೆಯಲ್ಲಿದೆಯಂತಲ್ಲ, ಅಷ್ಟು ಸಾಕು. ಆ ಮನೆಯಲ್ಲಿ ನನ್ನ ನೋವನ್ನು ನಂಬಿದವರು ಅವರೊಬ್ಬರೇ ಎಂದು ಈಗ ಗೊತ್ತಾಯಿತು, ಅದೂ ತಮಗೆ ಬಂದ ಮೇಲೆ.

ನಿನ್ನ ನಾಲ್ಕೂ ಪತ್ರಗಳನ್ನು ನಿನ್ನೆ ತೆಗೆದು ಓದಿದೆ, ವೈರಾಗ್ಯದ್ದನ್ನೂ. ಹರಿದಿರಲಿಲ್ಲ. ಚೆನ್ನಾಗಿ ಬರೆಯುತ್ತೀಯ, ಯಾವಾಗಲೂ ಬರೆಯುತ್ತಿದ್ದೆ. ಮೊದಲನೆಯದರಲ್ಲಿ 'ನಿನ್ನ ಕ್ಷೇಮಕ್ಕೆ ಬರೆ' ಎಂಬ ಸಾಲನ್ನು ಬೇಕೆಂದೇ ಬಿಟ್ಟೆ ಎಂದಿದ್ದೀಯ. ಮುಂದೆಲ್ಲಾದರೂ ಬರುತ್ತದೆಯೇನೋ ಎಂದು ಹುಡುಕಿದೆ, ಎಲ್ಲೂ ಸಿಗಲಿಲ್ಲ. ನಿನಗದು ಅಮ್ಮನ ಹಾಗಲಕಾಯಿ.

ನನ್ನ ಸಿ.ಆರ್.ಪಿ. ಈ ತಿಂಗಳು ಐವತ್ತೆರಡು.

ಇನ್ನು ಬರೆಯಲಾಗದ
ಮಾಲವಿಕಾ